ಹೊಳೆ ದಾಟಿ ಬಂದ ಕಾರು

ನಮ್ಮ ಮನೆಯ ಕಾರು ಊರಿಗೆ ಬಂದದ್ದು ಲಾಂಚಿನ ಬೆನ್ನೇರಿ. ಊರು ಬಿಟ್ಟು ಹೋದದ್ದು ಟೋಯಿಂಗ್ ಲಾರಿಯ ಬೆನ್ನೇರಿ. ಇವೆರಡರ ನಡುವೆ ಮೂವತ್ತೊಂದು ವರ್ಷ. ಅಷ್ಟೂ ವರ್ಷ ನಮ್ಮೆಲ್ಲರನ್ನೂ ಹೊತ್ತ ಆ ಪುಟ್ಟ ಗಾಡಿ ಬರುವಾಗಲೂ ಹೋಗುವಾಗಲೂ ಇನ್ನೊಬ್ಬರ ಹೆಗಲೇರಬೇಕಾಯಿತಲ್ಲ ಎಂದು ಈಗ ಯೋಚಿಸಿದರೆ ವಿಚಿತ್ರವೆನಿಸುತ್ತದೆ. ಬಂಡಿಯ ಮೇಲೆ ದೋಣಿ, ದೋಣಿಯ ಮೇಲೆ ಬಂಡಿ ಎಂದು ಅಪ್ಪಯ್ಯ ಆಗಾಗ ಹೇಳುತ್ತಿದ್ದರು. ನಮ್ಮ ಊರಿನವರಿಗೆ ಅದು ಗಾದೆಯಾಗಿರಲಿಲ್ಲ, ದಿನನಿತ್ಯದ ಸಂಗತಿಯಾಗಿತ್ತು.

ನಮ್ಮದು ಸಾಗರ ತಾಲ್ಲೂಕಿನ ತುಮರಿಯ ಕಡೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿದಾಗ ಅಜ್ಜನ ಮನೆ, ತೋಟ, ದೇವಸ್ಥಾನಕ್ಕೆ ಹೋಗುವ ದಾರಿ ಎಲ್ಲವೂ ಮುಳುಗಿದವು. ಅದಕ್ಕೂ ಮೊದಲು, 1948ರಲ್ಲಿ, ಮಡೆನೂರಿನ ಹತ್ತಿರ ಹಿರೇಭಾಸ್ಕರ ಎಂಬ ಅಣೆಕಟ್ಟು ಮುಗಿದಿತ್ತು. ಹೊಸ ಅಣೆಕಟ್ಟಿನ ನೀರು ಆ ಹಳೆಯ ಅಣೆಕಟ್ಟನ್ನೂ ನುಂಗಿತು. ಬಿರುಬೇಸಗೆಯಲ್ಲಿ ನೀರು ಇಳಿದ ವರ್ಷ ಅದು ಈಗಲೂ ಮೇಲೆದ್ದು ಕಾಣುತ್ತದೆ. ನಮ್ಮ ಕಡೆ ಕಾಲವನ್ನು ಎರಡೇ ಭಾಗ ಮಾಡುವುದು ರೂಢಿ: ಮುಳುಗಡೆಗೆ ಮೊದಲು, ಮುಳುಗಡೆಯ ಮೇಲೆ.

ಮುಳುಗಡೆಯ ಮೇಲೆ ನಮಗೂ ಸಾಗರಕ್ಕೂ ನಡುವೆ ಹಿನ್ನೀರು ಬಂದು ಕೂತಿತು. ಆಚೆ ದಡ ಅಂಬಾರಗೊಡ್ಲು, ಈಚೆ ದಡ ಕಳಸವಳ್ಳಿ. ಎರಡನ್ನೂ ಕೂಡಿಸಲು ಲಾಂಚು. ಪೇಟೆಗೆ ಹೋಗುವ ಬಸ್ಸು, ಅಡಿಕೆ ಮೂಟೆ, ಸಿಗಂದೂರಿಗೆ ಹರಕೆ ಹೊತ್ತು ಬರುವ ಭಕ್ತರು, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸರು, ಎಲ್ಲರೂ ಅದರ ಮೇಲೆಯೇ ದಾಟಬೇಕು. ಸಂಜೆಯಾದ ಮೇಲೆ ಲಾಂಚು ಇಲ್ಲ. ಕಾಯಿಲೆ ಬೀಳುವವರು ಹಗಲು ಹೊತ್ತು ನೋಡಿ ಬೀಳಬೇಕು ಎಂದು ಊರಿನವರು ನಗುತ್ತಲೇ ಹೇಳುತ್ತಿದ್ದರು.

ಅಂಥ ಊರಿಗೆ ಅಪ್ಪಯ್ಯ ಕಾರು ತಂದರು. ಅಡಿಕೆಗೆ ನಾಲ್ಕು ಕಾಸು ಬಂದ ವರ್ಷ ಅದು. ಸಾಗರದ ಒಬ್ಬ ವೈದ್ಯರು ಐದು ವರ್ಷ ಓಡಿಸಿದ್ದ ಬಿಳಿ ಮಾರುತಿ 800. ಇಂದಿನವರಿಗೆ ಆ ಹೆಸರಿನ ತೂಕ ತಿಳಿಯುವುದು ಕಷ್ಟ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿಯ ಬೀಗದ ಕೈಯನ್ನು ಹರ್ಪಾಲ್ ಸಿಂಗ್ ಎಂಬುವರಿಗೆ ಕೊಟ್ಟರು. ಆಗ ಅದರ ಬೆಲೆ ಸುಮಾರು 47,500 ರೂಪಾಯಿ. ಅದುವರೆಗೆ ನಮ್ಮ ರಸ್ತೆಗಳಲ್ಲಿ ಕಾರೆಂದರೆ ಹೆಚ್ಚಾಗಿ ಅಂಬಾಸಿಡರ್, ಇಲ್ಲವೇ ಫಿಯೆಟ್. ಅವುಗಳ ಮುಂದೆ ಮಾರುತಿ ಮಕ್ಕಳ ಆಟಿಕೆಯಂತಿತ್ತು. 796 ಸಿ.ಸಿ. ಎಂಜಿನ್, ಸುಮಾರು ಆರೂವರೆ ಕ್ವಿಂಟಲ್ ತೂಕ, ಹನ್ನೊಂದು ಅಡಿ ಉದ್ದ, ಹನ್ನೆರಡು ಅಂಗುಲದ ಚಕ್ರ. ಎಳೆಯುವ ಶಕ್ತಿ ಹಿಂದಿನ ಚಕ್ರಕ್ಕಲ್ಲ, ಮುಂದಿನ ಚಕ್ರಕ್ಕೆ. ಶಾಲಾ ಮಾಸ್ತರರು, ಬ್ಯಾಂಕಿನ ಗುಮಾಸ್ತರು, ಸಣ್ಣ ತೋಟದವರು ಕಾರಿನ ಕನಸು ಕಾಣಲು ಕಲಿತದ್ದು ಈ ಆಟಿಕೆಯಿಂದಲೇ. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಾಗ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಗಾಡಿಗಳು ಕಾರ್ಖಾನೆಯಿಂದ ಹೊರಬಂದಿದ್ದವು.

ಆದರೆ ಲಾಂಚಿಗೆ ಆ ಪುಟ್ಟ ಚಕ್ರ ಒಗ್ಗಲಿಲ್ಲ. ದಡದ ಮಣ್ಣಿಗೂ ಲಾಂಚಿನ ಅಂಚಿಗೂ ನಡುವೆ ಒಂದು ಮೆಟ್ಟಿಲಿನಷ್ಟು ಅಂತರ ಉಳಿಯುತ್ತಿತ್ತು. ಜೀಪು, ಬಸ್ಸು, ಲಾರಿಗಳು ಅದನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಮಾರುತಿಯ ಹೊಟ್ಟೆ ಮಾತ್ರ ಆ ಕಬ್ಬಿಣದ ಅಂಚಿಗೆ ತಾಗುತ್ತಿತ್ತು. ಮೊದಲ ದಿನ ಅಂಬಾರಗೊಡ್ಲು ದಡದಲ್ಲಿ ಅಪ್ಪಯ್ಯ ಕಾರು ನಿಲ್ಲಿಸಿ ಬೆವರು ಒರೆಸಿಕೊಂಡರು. ಲಾಂಚಿನ ಹುಡುಗರು ಕಲ್ಲು ತಂದು ಒಟ್ಟಿದರು, ಕಲ್ಲು ಜಾರಿತು. ಕೊನೆಗೆ ಯಾರದೋ ಗಾಡಿಯಲ್ಲಿದ್ದ ಹಲಗೆ ಹಾಸಿ, ಎಂಜಿನ್ ಬಂದ್ ಮಾಡಿ, ನಾಲ್ಕು ಜನ ನೂಕಿ ಏರಿಸಿದರು. ಮರುವಾರವೇ ಅಪ್ಪಯ್ಯ ಹಿತ್ತಲಿನ ಹಲಸಿನ ಮರದ ದಿಮ್ಮಿಯಿಂದ ಎರಡು ಹಲಗೆ ಕೊಯ್ಯಿಸಿದರು. ಎಂಟಡಿ ಉದ್ದ, ಒಂದಡಿ ಅಗಲ, ಎರಡಂಗುಲ ದಪ್ಪ. ಅವು ಕಾರಿನ ತಲೆಯ ಮೇಲಿನ ಕ್ಯಾರಿಯರ್ ಏರಿದವು. ಸಾಗರದ ಪೇಟೆಯಲ್ಲಿ ಕಾರಿನ ಮೇಲೆ ಹಲಗೆ ಕಂಡರೆ ಹೊಳೆಯಾಚೆಯ ಗಾಡಿ ಎಂದು ಜನ ಗುರುತಿಸುತ್ತಿದ್ದರು.

ನಾಲ್ಕು ಜನ ಸೇರಿ ಒಂದು ಕಾರನ್ನು ಎತ್ತಲಾರರು. ಆದರೆ ಹಲಗೆಯ ಮೇಲೆ ನೂಕಬಲ್ಲರು. ಒಂದಡಿ ಎತ್ತರಕ್ಕೆ ಆರಡಿ ಉದ್ದದ ಇಳಿಜಾರು ಕೊಟ್ಟರೆ, ಆರೂವರೆ ಕ್ವಿಂಟಲ್ ಗಾಡಿಯನ್ನು ಏರಿಸಲು ಬೇಕಾಗುವ ಬಲ ಆರನೆಯ ಒಂದು ಪಾಲು, ಅಂದರೆ ಒಂದು ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚು. ಉಳಿದ ಭಾರವನ್ನು ಹಲಗೆಯೇ ಹೊರುತ್ತದೆ. ಹಲಗೆ ಉದ್ದವಾದಷ್ಟೂ ಮನುಷ್ಯನ ಬೆನ್ನಿಗೆ ಸುಖ. ಇದನ್ನು ನಾನು ಶಾಲೆಯಲ್ಲಿ ಓದಿದ್ದೆ. ಅಪ್ಪಯ್ಯ ಓದಿರಲಿಲ್ಲ, ದಡದಲ್ಲಿ ನಿಂತು ಕಂಡುಕೊಂಡರು.

1999ರ ಜುಲೈ. ಮಳೆ ಹಿಡಿದು ವಾರವಾಗಿತ್ತು. ನಾನು ರಜೆಗೆ ಊರಿಗೆ ಬಂದಿದ್ದೆ. ರಾತ್ರಿ ಹತ್ತರ ಸುಮಾರಿಗೆ ಅಪ್ಪಯ್ಯನಿಗೆ ಎದೆನೋವು ಬಂತು. ಅಮ್ಮ ಬೆವರಿದ ಅವರ ಎದೆಗೆ ಬೈರಾಸು ಒತ್ತಿ ಹಿಡಿದಿದ್ದರು. ಕಳಸವಳ್ಳಿ ದಡಕ್ಕೆ ಹೋದರೆ ಕತ್ತಲು; ಲಾಂಚು ಆಚೆ ದಡದಲ್ಲಿ. ಕೂಗಿದರೆ ಮಳೆಯ ಸದ್ದೇ ಉತ್ತರ. ಉಳಿದದ್ದು ಒಂದೇ ದಾರಿ: ನಿಟ್ಟೂರು, ಹೊಸನಗರದ ಮೇಲೆ ಸುತ್ತಿ ಸಾಗರ ಸೇರುವುದು. ಎಂಬತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ, ಅರ್ಧಕ್ಕರ್ಧ ಕಾಡು. ಎರಡು ಕಡೆ ಕೆಸರಿನಲ್ಲಿ ಗಾಡಿ ಹೂತಿತು. ಎರಡು ಸಲವೂ ಆ ಹಲಗೆಗಳನ್ನೇ ಇಳಿಸಿ ಮುಂದಿನ ಚಕ್ರಕ್ಕೆ ಕೊಟ್ಟೆ. ಅಮ್ಮ ಸೆರಗು ಸಿಕ್ಕಿಸಿ ಮಳೆಯಲ್ಲಿ ಹಿಂದಿನಿಂದ ನೂಕಿದರು. ಬೆಳಗಿನ ಜಾವ ಸಾಗರದ ಆಸ್ಪತ್ರೆ ಮುಟ್ಟಿದೆವು. ಅಪ್ಪಯ್ಯ ಉಳಿದರು. ಆಮೇಲೆ ಹದಿನಾಲ್ಕು ವರ್ಷ ಬದುಕಿ, 2013ರಲ್ಲಿ ನಿದ್ದೆಯಲ್ಲಿಯೇ ಹೋದರು. ಆ ರಾತ್ರಿ ಹೀಗೆ ಉಳಿಯದೆ ಹೋದ ಮನೆಗಳೂ ನಮ್ಮ ಸೀಮೆಯಲ್ಲಿವೆ ಎಂಬುದನ್ನು ಮರೆತು ನಾನು ಇದನ್ನು ಬರೆಯಬಾರದು.

ಅವರು ಹೋದ ಮೇಲೆ ಕಾರು ಕೊಟ್ಟಿಗೆ ಸೇರಿತು. 1989ರ ಗಾಡಿ; ಹದಿನೈದು ವರ್ಷದ ನೋಂದಣಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2004, 2009, 2014 ಮೂರು ಸಲವೂ ಆಯಿತು. 2019ರಲ್ಲಿ ಆಗಲಿಲ್ಲ. ಬೆಂಗಳೂರಿನಲ್ಲಿದ್ದ ನಾನು ಮುಂದಿನ ತಿಂಗಳು, ಮುಂದಿನ ತಿಂಗಳು ಎಂದೆ. ಸೀಟಿನೊಳಗೆ ಇಲಿ ಮರಿ ಹಾಕಿತು, ವೈರುಗಳನ್ನು ಕಡಿಯಿತು, ನೆಲದ ತಗಡು ತುಕ್ಕಿಗೆ ಹೋಯಿತು. 2021ರಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯನ್ನು ಕೇಂದ್ರ ಸರ್ಕಾರ ತಂದಿತು. ನೋಂದಾಯಿತ ಗುಜರಿ ಕೇಂದ್ರಕ್ಕೆ ಗಾಡಿ ಕೊಟ್ಟರೆ ಒಂದು ಪ್ರಮಾಣಪತ್ರ ಸಿಗುತ್ತದೆ. ಹೊಸ ಗಾಡಿ ಕೊಳ್ಳುವಾಗ ಅದರಿಂದ ಅನುಕೂಲ. ನಾನು ಒಪ್ಪಿಕೊಂಡೆ. ಅಮ್ಮನಿಗೆ ಮಾತ್ರ ರಿಪೇರಿಗೆ ಕಳಿಸುತ್ತೇನೆ ಎಂದು ಹೇಳಿದೆ.

ಅಷ್ಟರಲ್ಲಿ ಸೇತುವೆ ಬಂದಿತ್ತು. 2025ರ ಜುಲೈ 14ರಂದು ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವಿನ, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅರವತ್ತು ವರ್ಷದ ಕೂಗಿಗೆ ಉತ್ತರ. ನವೆಂಬರಿನಲ್ಲಿ ಅದರ ಮೇಲೆಯೇ ಟೋಯಿಂಗ್ ಲಾರಿ ನಮ್ಮ ಅಂಗಳಕ್ಕೆ ಬಂತು.

ಈ ಲಾರಿಗೂ ಒಂದು ಚರಿತ್ರೆಯಿದೆ. 1916ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಚಟನೂಗ ಪಟ್ಟಣದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನ ಯಜಮಾನನಿದ್ದ. ಪರಿಚಯದವರೊಬ್ಬರ ಫೋರ್ಡ್ ಕಾರು ಹಳ್ಳಕ್ಕೆ ಬಿದ್ದಿತ್ತು. ಹಗ್ಗ ಕಟ್ಟಿ, ಜನ ಕೂಡಿಸಿ ಅದನ್ನು ಮೇಲೆ ತರುವಷ್ಟರಲ್ಲಿ ಒಂದು ಹಗಲೇ ಕಳೆಯಿತು. ಬೇಸತ್ತ ಹೋಮ್ಸ್ 1913ರ ಒಂದು ಕ್ಯಾಡಿಲಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕೂರಿಸಿದ. ಎಳೆಯುವ ಗಾಡಿಗಳ ವಂಶ ಅಲ್ಲಿಂದ ಬೆಳೆಯಿತು. ಚಟನೂಗದಲ್ಲಿ ಈಗ ಈ ಗಾಡಿಗಳದೇ ಒಂದು ಸಂಗ್ರಹಾಲಯವಿದೆ. ದಾರಿಯಲ್ಲಿ ಕೆಟ್ಟು ನಿಂತ ಪರರ ಗಾಡಿ ಎತ್ತಲು ಹೋಗಿ ಪ್ರಾಣ ಬಿಟ್ಟ ಕೆಲಸಗಾರರ ಹೆಸರು ಕೆತ್ತಿದ ಗೋಡೆಯೂ ಅಲ್ಲಿದೆ.

ಕೊಕ್ಕೆ ಹಾಕಿ ಒಂದು ತುದಿ ಎತ್ತಿ ಎಳೆದರೆ ಇನ್ನೆರಡು ಚಕ್ರ ನೆಲದ ಮೇಲೆ ಉರುಳಲೇಬೇಕು. ಚಕ್ರ ಉರುಳದ ಗಾಡಿಗೆ ಅದು ಆಗದ ಮಾತು. ಹಾಗಾಗಿ ಇಡೀ ಕಾರನ್ನೇ ಹೊರುವ ಅಟ್ಟಣೆಯ ಲಾರಿಗಳು ಬಂದವು. ಇವುಗಳ ಪೈಕಿ ಅತಿ ಚೆಲುವಾದದ್ದು ಜರ್ಮನಿಯಲ್ಲಿತ್ತು. 1955ರಲ್ಲಿ ಮರ್ಸಿಡಿಸ್ ಕಂಪನಿ ತನ್ನ ಪಂದ್ಯದ ಕಾರನ್ನು ಬೆನ್ನ ಮೇಲೆ ಹೊತ್ತು ಗಂಟೆಗೆ 160 ಕಿಲೋಮೀಟರಿಗೂ ಮೀರಿ ಓಡುವ ಒಂದು ನೀಲಿ ಲಾರಿ ಮಾಡಿತ್ತು. ಪಂದ್ಯದ ಕಾರುಗಳನ್ನು ಜೋಪಾನವಾಗಿಟ್ಟ ಅದೇ ಕಂಪನಿ 1967ರಲ್ಲಿ ಈ ಲಾರಿಯನ್ನು ಗುಜರಿಗೆ ಹಾಕಿತು. ದಶಕಗಳ ನಂತರ ಪಶ್ಚಾತ್ತಾಪವಾಗಿ, ಹಳೆಯ ಚಿತ್ರಗಳನ್ನು ನೋಡಿ ಹೊಸದಾಗಿ ಕಟ್ಟಿಸಿತು. ಹೊತ್ತವರನ್ನು ಮರೆಯುವುದು ನನ್ನೊಬ್ಬನ ಗುಣವಲ್ಲ ಎಂದು ತಿಳಿದು ಕೊಂಚ ಸಮಾಧಾನವಾಯಿತೆಂದರೆ ಸುಳ್ಳಲ್ಲ.

ನಮ್ಮಲ್ಲಿಗೆ ಬಂದ ಲಾರಿಯ ಜೊತೆ ಇಬ್ಬರಿದ್ದರು: ಮಧ್ಯವಯಸ್ಸಿನ ಡ್ರೈವರ್, ಮೀಸೆ ಚಿಗುರುತ್ತಿದ್ದ ಹುಡುಗ. ಡ್ರೈವರ್ ಕಾರಿನ ಸುತ್ತ ಒಮ್ಮೆ ನಡೆದು, "ಹ್ಯಾಂಡ್‌ಬ್ರೇಕ್ ಹಾಕಿಟ್ಟು ಎಷ್ಟು ವರ್ಷ ಆತು ಸಾರ್?" ಎಂದ. ಆರು ಎಂದೆ. ತಲೆ ಕೊಡವಿದ. ಬ್ರೇಕ್ ಎಳೆದೇ ಬಿಟ್ಟರೆ ಒಳಗಿನ ಲೈನರ್ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಳ್ಳುತ್ತದಂತೆ. ಹುಡುಗ ಕೆಳಗೆ ತೂರಿ ಕೇಬಲ್ ಬಿಡಿಸಿದ. ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಅರ್ಧ ಗಂಟೆಯಾದ ಮೇಲೆ ಎಡ ಚಕ್ರ ಸಡಿಲಿತು, ಆಮೇಲೆ ಬಲ ಚಕ್ರ. ನಾಲ್ಕೂ ಟೈರಿಗೆ ಗಾಳಿ ತುಂಬಿದರು. ಒಂದರಲ್ಲಿ ನಿಲ್ಲಲಿಲ್ಲ.

ಡ್ರೈವರ್ ಲಾರಿಯ ಪಕ್ಕದ ಲಿವರುಗಳನ್ನು ಒತ್ತಿದ. ಅಟ್ಟಣೆ ಹಿಂದಕ್ಕೆ ಜಾರಿತು, ತಲೆ ಎತ್ತಿತು, ಬಾಲ ನೆಲಕ್ಕೆ ಇಳಿಯಿತು. ಆನೆ ಮಂಡಿಯೂರಿದಂತೆ. ಆದರೆ ನಮ್ಮ ಅಂಗಳ ವಾರೆ. ಒಂದು ಮೂಲೆ ತಾಗಿ ಇನ್ನೊಂದು ಮೂಲೆ ಗೇಣುದ್ದ ಮೇಲೆ ನಿಂತಿತು. ಗಾಳಿಯಿಲ್ಲದ ಪುಟ್ಟ ಚಕ್ರ ಅದನ್ನು ಹತ್ತುವಂತಿರಲಿಲ್ಲ.

"ಹಲಗೆ ಏನಾದ್ರೂ ಐತಾ ಸಾರ್?"

ನಾನು ಇಲ್ಲವೆನ್ನುವುದರಲ್ಲಿದ್ದೆ. ಜಗಲಿಯ ಮೇಲೆ ಕೂತಿದ್ದ ಅಮ್ಮ, "ಕೊಟ್ಟಿಗೆ ಅಟ್ಟದ ಮೇಲೆ ಇದೆ, ನೋಡು ತಮ್ಮಾ" ಎಂದು ಆ ಹುಡುಗನಿಗೆ ಹೇಳಿದರು.

ಅವೇ ಎರಡು ಹಲಗೆಗಳು. ಮೇಲ್ಮೈ ಕಪ್ಪಾಗಿತ್ತು, ನಡುವೆ ಟೈರು ಸವೆಸಿದ ನುಣುಪು ಹಾಗೆಯೇ ಇತ್ತು. ಹುಡುಗ ಅವುಗಳನ್ನು ಅಟ್ಟಣೆಯ ಬಾಲಕ್ಕೆ ಕೊಟ್ಟ. ಡ್ರೈವರ್ ವಿಂಚಿನ ಉಕ್ಕಿನ ಹಗ್ಗ ಎಳೆದು ತಂದು ಕಾರಿನ ಮುಂಭಾಗದ ಕೆಳಗಿನ ಕೊಂಡಿಗೆ ಸಿಕ್ಕಿಸಿದ. "ಹಗ್ಗದ ನೇರಕ್ಕೆ ಯಾರೂ ನಿಲ್ಲಬ್ಯಾಡ್ರಿ. ತುಂಡಾದ್ರೆ ಚಾಟಿ ಬೀಸಿದಂಗೆ ಬರ್ತದೆ" ಎಂದ. ಗೇರು ನ್ಯೂಟ್ರಲ್ಲಿನಲ್ಲಿ, ಸ್ಟಿಯರಿಂಗ್ ಬೀಗ ತೆಗೆದು, ನಾನು ಕಿಟಕಿಯಿಂದ ಕೈ ಹಾಕಿ ಚಕ್ರ ನೇರ ಹಿಡಿದು ಪಕ್ಕದಲ್ಲಿ ನಡೆದೆ. ವಿಂಚು ಗುರುಗುಟ್ಟಿತು. ಕಾರು ಆರು ವರ್ಷದ ನಂತರ ತನ್ನ ಜಾಗ ಬಿಟ್ಟು ಅಲುಗಿತು. ಅಡಿಯಲ್ಲಿ ಒಣ ಎಲೆ, ಒಂದು ಹಳೆಯ ತೆಂಗಿನ ಚಿಪ್ಪು. ಹಲಗೆ ಒಮ್ಮೆ ಕಿರುಗುಟ್ಟಿತು. 1994ರಲ್ಲಿ ಕೇಳಿದ ಸದ್ದೇ. ಕಾರು ಮೇಲೇರಿತು.

ಮರದ ತುಂಡುಗಳನ್ನು ಚಕ್ರದಡಿ ಕೊಟ್ಟು, ನಾಲ್ಕೂ ಚಕ್ರಗಳಿಗೆ ಪಟ್ಟಿ ಬಿಗಿದರು. ಮೈಗೆ ಯಾಕೆ ಕಟ್ಟುವುದಿಲ್ಲ ಎಂದು ಕೇಳಿದೆ. ಮೈ ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ. ಅಲ್ಲಿ ಕಟ್ಟಿದರೆ ದಾರಿಯಲ್ಲಿ ಪಟ್ಟಿ ಸಡಿಲಾಗುತ್ತದೆ. ಚಕ್ರ ಹಿಡಿದರೆ ಗಾಡಿ ಹಿಡಿದಂತೆ ಎಂದು ಡ್ರೈವರ್ ವಿವರಿಸಿದ. ಅಟ್ಟಣೆ ಮುಂದೆ ಸರಿದು ಲಾರಿಯ ಮೇಲೆ ಕೂತಿತು. ನಾನು ನೋಂದಣಿ ಪುಸ್ತಕವನ್ನು ಅವನ ಕೈಗೆ ಕೊಟ್ಟೆ.

ಅಮ್ಮ ನಿಧಾನವಾಗಿ ಇಳಿದು ಬಂದರು. ಲಾರಿಯ ಮೇಲಿದ್ದ ಕಾರು ಅವರ ಕೈಗೆ ಎಟುಕಲಿಲ್ಲ. ಅಟ್ಟಣೆಯ ಅಂಚನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಕೇಳಿದರು:

"ರಿಪೇರಿಗೆ ಹೋಗೋ ಗಾಡಿಗೆ ಪುಸ್ತಕ ಯಾಕೆ ಕೊಟ್ಟೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಅಪ್ಪಯ್ಯನ ಸುಣ್ಣದ ಡಬ್ಬಿ ತೋರಿಸಿದರು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹನ್ನೆರಡು ವರ್ಷ ಇದ್ದದ್ದು. ಹಿಂದಿನ ರಾತ್ರಿಯೇ ತೆಗೆದಿಟ್ಟುಕೊಂಡಿದ್ದರಂತೆ.

ಸ್ವಲ್ಪ ಹೊತ್ತಿಗೆ ಡ್ರೈವರ್ ಫೋನ್ ಮಾಡಿದ: ಸೇತುವೆ ದಾಟಿ ಆಯಿತು. ಒಂದು ಕಾಲದಲ್ಲಿ ಅದೇ ನೀರಿನ ದಡದಲ್ಲಿ ಕುಳಿತು ಆಚೆ ದಡದ ಲಾಂಚು ಯಾವಾಗ ಹೊರಟೀತೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆವು. ಆ ಕಷ್ಟ ಮುಗಿಯಿತು, ಮುಗಿಯಲೇಬೇಕಿತ್ತು. ಜುಲೈ ತಿಂಗಳ ರಾತ್ರಿ ಇನ್ನು ಯಾರ ಮನೆಯವರೂ ಆ ದಡದಲ್ಲಿ ನಿಂತು ಕತ್ತಲಿಗೆ ಕೂಗಬೇಕಾಗಿಲ್ಲ.

ಹಲಗೆಗಳು ಅಂಗಳದಲ್ಲಿಯೇ ಬಿದ್ದಿದ್ದವು. ಸೌದೆಗೆ ಆದಾವು ಎಂದೆ. ಅಮ್ಮ ಒಪ್ಪಲಿಲ್ಲ. ಮೇಲೇ ಇಡು, ಯಾರಿಗಾದರೂ ಬೇಕಾಗುತ್ತದೆ ಎಂದರು. ಒಂದೊಂದಾಗಿ ಹೊತ್ತು ಅಟ್ಟಕ್ಕೆ ಏರಿಸಿದೆ. ಹಲಸಿನ ಹಲಗೆ, ಬಲು ಭಾರ.