ಒಂದೇ ಗರಿಯಲ್ಲಿ ಇಬ್ಬರು ದಾಯಾದಿಗಳು

ವಿಶ್ವೇಶ್ವರಯ್ಯ ನಾಲೆಯ ನೀರು ಮತ್ತು 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆ ಸೇರಿ ಮಂಡ್ಯ, ಮದ್ದೂರು, ಮಳವಳ್ಳಿಯನ್ನು ಕಬ್ಬಿನ ಸೀಮೆ ಮಾಡಿದವು. ಕಬ್ಬನ್ನು ತುಂಡು ನೆಟ್ಟು ಬೆಳೆಯುತ್ತಾರೆ. ತುಂಡಿನೊಳಗೆ ವೈರಸ್ ಇದ್ದರೆ ಅದು ನಾಟಿಯ ಜೊತೆಗೇ ಗದ್ದೆಗೆ ಬರುತ್ತದೆ, ಕೂಳೆ ಬೆಳೆಯಲ್ಲೂ ಉಳಿಯುತ್ತದೆ.

ಹಸಿರು ಗರಿಯ ಮೇಲೆ ತಿಳಿ ಹಳದಿ ಮಚ್ಚೆ, ಗೀರು ಮೂಡುವುದು ಮೊಸಾಯಿಕ್ ರೋಗ. ಇದನ್ನು ತರುವವು ಮುಖ್ಯವಾಗಿ ಎರಡು: ಕಬ್ಬಿನ ಮೊಸಾಯಿಕ್ ವೈರಸ್ ಮತ್ತು ಕಬ್ಬಿನ ಗೀರು ಮೊಸಾಯಿಕ್ ವೈರಸ್. ಎರಡೂ ಪಾಟಿವಿರಿಡೇ ಕುಟುಂಬದವು. ಬಳುಕುವ ದಾರದಂಥ ಕಣ, ಒಳಗೆ ಸುಮಾರು 10,000 ಅಕ್ಷರಗಳ ಒಂದೇ ಎಳೆಯ ಆರ್‌ಎನ್‌ಎ. ಬರಿಗಣ್ಣಿಗೆ ಇವುಗಳ ರೋಗಲಕ್ಷಣವನ್ನು ಬೇರ್ಪಡಿಸುವುದು ಕಷ್ಟ.

ಆದರೆ ಆರ್‌ಎನ್‌ಎ ಅಕ್ಷರಗಳನ್ನು ಹೋಲಿಸಿ ವಂಶವೃಕ್ಷ ಬರೆದರೆ ಚಿತ್ರ ತಲೆಕೆಳಗಾಗುತ್ತದೆ. ಮೊದಲನೆಯದು ಸೇರುವುದು ಪಾಟಿವೈರಸ್ ಕುಲಕ್ಕೆ. ಪಕ್ಕದ ತೋಟದ ಪರಂಗಿಗೆ ಬರುವ ಉಂಗುರಚುಕ್ಕೆ ವೈರಸ್ಸೂ ಅದೇ ಕುಲದ್ದು. ಎರಡನೆಯದು ಪೊಯೇಸಿವೈರಸ್ ಎಂಬ ಬೇರೆ ಕುಲದ್ದು, ಗೋಧಿಯ ಒಂದು ವೈರಸ್‌ಗೆ ಹತ್ತಿರ. ಅಂದರೆ ಒಂದೇ ಗರಿಯಲ್ಲಿರುವ ಈ ಜೋಡಿಗಿಂತ ಕಬ್ಬಿನ ಮೊಸಾಯಿಕ್ ವೈರಸ್‌ಗೂ ಪರಂಗಿಯದಕ್ಕೂ ನಂಟು ಹೆಚ್ಚು! ಕಬ್ಬಿನ ಮೊಸಾಯಿಕ್ ವೈರಸ್, ಪರಂಗಿಯ ವೈರಸ್ ಎರಡನ್ನೂ ಹರಡುವುದು ಸಸ್ಯಹೇನು.

ಪಾಟಿವೈರಸ್ ಕುಲ ಕವಲೊಡೆಯತೊಡಗಿದ್ದು ಸುಮಾರು 6,600 ವರ್ಷಗಳ ಹಿಂದೆ, ಬೇಸಾಯ ಹಬ್ಬುತ್ತಿದ್ದಾಗ, ಎಂಬುದು 2008ರ ಒಂದು ಅಂದಾಜು. ಕಬ್ಬು, ಜೋಳ, ಮೆಕ್ಕೆಜೋಳದ ಮೊಸಾಯಿಕ್‌ಗಳನ್ನು ಬಹುಕಾಲ ಒಂದೇ ವೈರಸ್‌ನ ತಳಿಗಳೆಂದು ಎಣಿಸಿದ್ದರು. 1989ರ ಹೊತ್ತಿಗೆ ಅವನ್ನು ನಾಲ್ಕು ಬೇರೆ ವೈರಸ್‌ಗಳಾಗಿ ವಿಂಗಡಿಸಲಾಯಿತು.