ಗುಳಿಗೆ, ಅನುಪಾನ, ಅನ್ನನಾಳ: ಕೃಷ್ಣಾ–ಘಟಪ್ರಭಾ ಸೀಮೆಯ ಒಂದು ರೂಢಿಯ ಚರಿತ್ರೆ

ನುಂಗಿದ ಗುಳಿಗೆ ಹೊಟ್ಟೆಗೆ ಇಳಿಯದೆ ಅನ್ನನಾಳದ ಗೋಡೆಗೆ ಅಂಟಿಕೊಂಡು ಅಲ್ಲಿಯೇ ಕರಗಿದರೆ ಆ ಜಾಗ ಸುಟ್ಟು ಹುಣ್ಣಾಗುತ್ತದೆ. ಎದೆಯ ನಡುವೆ ಚುಚ್ಚುವ ನೋವು, ಉರಿ, ಒಂದು ಗುಟುಕು ನೀರನ್ನೂ ನುಂಗಲಾಗದ ಸಂಕಟ ಇದರ ಲಕ್ಷಣಗಳು. ಹೆಚ್ಚಿನವರು ಇದನ್ನು ಆಮ್ಲಪಿತ್ತವೆಂದೋ ಹೃದಯದ ತೊಂದರೆಯೆಂದೋ ತಿಳಿದು ಗಾಬರಿಯಾಗುತ್ತಾರೆ. ಆಧುನಿಕ ವೈದ್ಯವು ಈ ಗಾಯವನ್ನು ಗುರುತಿಸಿ ದಾಖಲಿಸಿದ್ದು 1970ರಲ್ಲಿ. ಗುಳಿಗೆಯನ್ನು ಯಾವುದರ ಜೊತೆ ತೆಗೆದುಕೊಳ್ಳಬೇಕು ಎಂಬ ವಿಚಾರ ಮಾತ್ರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಶತಮಾನಗಳಷ್ಟು ಹಳೆಯದು.

ಆಯುರ್ವೇದದಲ್ಲಿ ಔಷಧದ ಜೊತೆಗೆ ಅಥವಾ ಅದರ ಬೆನ್ನಿಗೆ ಸೇವಿಸುವ ದ್ರವಕ್ಕೆ ಅನುಪಾನವೆಂದು ಹೆಸರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 46ನೇ ಅಧ್ಯಾಯದಲ್ಲಿ ಅನುಪಾನದ ವಿಚಾರಕ್ಕೇ ಒಂದು ಭಾಗ ಮೀಸಲಾಗಿದೆ. ಶಾರ್ಙ್ಗಧರ ಸಂಹಿತೆ ಗುಟಿ, ವಟಿ, ಮೋದಕ ಮೊದಲಾದ ಹೆಸರುಗಳಲ್ಲಿ ಗುಳಿಗೆ ಕಟ್ಟುವ ವಿಧಾನವನ್ನು ವಿವರಿಸುತ್ತದೆ. ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆ ಇರಲಿಲ್ಲ: 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೇ ಶತಮಾನದಲ್ಲಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಹುಟ್ಟಿದವು. ಮುಂದೆ ಈ ಸೀಮೆ ವಿಜಯಪುರದ ಆದಿಲ್‌ಶಾಹಿಗೆ ಸೇರಿದಾಗ ಹಕೀಮರ ಯುನಾನಿ ಪದ್ಧತಿಯೂ ಬೆಳೆಯಿತು. ಇತಿಹಾಸಕಾರನೆಂದು ಹೆಸರಾದ ಫಿರಿಶ್ತಾ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದವನು. ಅವನು ವೈದ್ಯದ ಮೇಲೂ ಒಂದು ಪಾರಸಿ ಗ್ರಂಥ ಬರೆದಿದ್ದಾನೆ.

ಮನೆಮದ್ದಿನಲ್ಲಿ ಗುಳಿಗೆಯನ್ನು ಇಡಿಯಾಗಿ ನುಂಗಿಸುವುದಕ್ಕಿಂತ ಕಲ್ಲಿನ ಮೇಲೆ ತೇಯ್ದು ಜೇನು, ತುಪ್ಪ, ಹಾಲು, ಹಸಿಶುಂಠಿಯ ರಸ, ವೀಳ್ಯದೆಲೆಯ ರಸ ಇವುಗಳಲ್ಲಿ ಕಲಸಿ ನೆಕ್ಕಿಸುವುದು ಹೆಚ್ಚು ಬಳಕೆಯಲ್ಲಿತ್ತು. ಕಬ್ಬಿನ ಸೀಮೆಯಾದ ಇಲ್ಲಿ, ಮಹಾಲಿಂಗಪುರದಂಥ ಹೆಸರಾಂತ ಬೆಲ್ಲದ ಪೇಟೆಯ ಸುತ್ತ, ಕಹಿಮದ್ದಿಗೆ ಬೆಲ್ಲ ಸುಲಭವಾಗಿ ಸಿಗುತ್ತಿದ್ದ ಜೊತೆ. ಅನುಪಾನದ ಉದ್ದೇಶ ಮದ್ದಿನ ಗುಣವನ್ನು ಬೇಗ ಮೈಗೆ ಹತ್ತಿಸುವುದಾಗಿತ್ತೇ ಹೊರತು ಅನ್ನನಾಳದ ರಕ್ಷಣೆಯಲ್ಲ. ಹಾಗಿದ್ದರೂ ಮದ್ದು ಒಣಗಿದ ಗಟ್ಟಿ ತುಂಡಾಗಿ ಗಂಟಲಿನಿಂದ ಕೆಳಗಿಳಿಯುವ ಪ್ರಸಂಗ ಇದರಿಂದ ಕಡಿಮೆಯಾಗುತ್ತಿತ್ತು. ಹಳೆಯ ಪದ್ಧತಿಯಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳಬೇಕಾಗಿಲ್ಲ. ಈ ಒಂದು ಅಂಶ ಮಾತ್ರ ನಿಜಕ್ಕೂ ಬೆಲೆಯುಳ್ಳದ್ದು.

ಈಗಿನ ಗುಳಿಗೆ ಯುರೋಪಿನಲ್ಲಿ ಹುಟ್ಟಿತು. ಜಿಲೆಟಿನ್ ಕ್ಯಾಪ್ಸೂಲ್ 1834ರಲ್ಲಿ ಪ್ಯಾರಿಸಿನಲ್ಲಿ ಬಂದಿತು. ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಗುಳಿಗೆ ಮಾಡುವ ವಿಧಾನಕ್ಕೆ 1843ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಾಕ್‌ಡನ್ ಪೇಟೆಂಟ್ ಪಡೆದ. ಆ ಕಾಲಕ್ಕೆ ಈ ಸೀಮೆ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಪಕ್ಕದ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿ ಬ್ರಿಟಿಷರ ಆಡಳಿತದಲ್ಲಿತ್ತು. ಬ್ರಿಟಿಷ್ ಭಾರತದಲ್ಲಿ ಸರಕಾರಿ ಔಷಧ ಜನರ ಕೈಗೆ ದೊಡ್ಡ ಪ್ರಮಾಣದಲ್ಲಿ ತಲುಪಿದ್ದು ಕ್ವಿನೈನ್ ಮೂಲಕ. 1892ರಲ್ಲಿ ಬಂಗಾಳದ ಅಂಚೆ ಕಚೇರಿಗಳಲ್ಲಿ ಒಂದು ಪೈಸೆಯ ಕ್ವಿನೈನ್ ಪೊಟ್ಟಣಗಳ ಮಾರಾಟ ಶುರುವಾಗಿ ಕ್ರಮೇಣ ಬೇರೆ ಪ್ರಾಂತ್ಯಗಳಿಗೂ ಹರಡಿತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು; 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿತು. ಈ ನಡುವೆ 1953ರ ರಾಷ್ಟ್ರೀಯ ಮಲೇರಿಯಾ ಕಾರ್ಯಕ್ರಮದಿಂದ ಮೊದಲುಗೊಂಡು ಜ್ವರ, ಕ್ಷಯ, ಕುಷ್ಠ, ರಕ್ತಹೀನತೆ ಎಲ್ಲಕ್ಕೂ ಗುಳಿಗೆಯೇ ಮುಖ್ಯ ಮದ್ದಾಯಿತು. ಜನರ ಬಾಯಲ್ಲಿ ಅದು ‘ಗುಳಿಗಿ’. ಆದರೆ ಅನುಪಾನದ ಮಾತು ಗುಳಿಗೆಯ ಜೊತೆಗೆ ಬರಲಿಲ್ಲ. ದವಾಖಾನೆಯಲ್ಲಿ ದಿನಕ್ಕೆ ಎಷ್ಟು ಸಲ, ಊಟದ ಹಿಂದೋ ಮುಂದೋ ಎಂಬುದನ್ನು ಹೇಳಿದರು. ಎಷ್ಟು ನೀರು ಎಂಬುದನ್ನು ಹೇಳಲಿಲ್ಲ.

ನೀರಿನ ಪ್ರಶ್ನೆ ಮತ್ತೆ ಎದ್ದದ್ದು ಗಾಯಗಳು ಕಣ್ಣಿಗೆ ಬಿದ್ದ ಮೇಲೆ. 1957ರಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಬಾಗುವ ಎಂಡೋಸ್ಕೋಪ್ ರೂಪಿಸಿದ ಬಳಿಕ ಅನ್ನನಾಳದ ಒಳಗನ್ನು ನೋಡುವುದು ಸುಲಭವಾಯಿತು. 1970ರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಗುಳಿಗೆಯಿಂದಾದ ಹುಣ್ಣು ವರದಿಯಾಯಿತು. 1970ರ ದಶಕದ ನಡುವಿನಲ್ಲಿ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೈವಿಕದ ಕ್ಯಾಪ್ಸೂಲಿನ ಸರದಿ ಬಂದಿತು. 1996ರಲ್ಲಿ ಮೂಳೆಸವೆತಕ್ಕೆ ಕೊಡುವ ಅಲೆಂಡ್ರೊನೇಟ್‌ನಿಂದಾದ ತೀವ್ರ ಗಾಯಗಳು ಪ್ರಕಟವಾದವು. ಆಸ್ಪಿರಿನ್, ನೋವಿನ ಗುಳಿಗೆಗಳು, ಕಬ್ಬಿಣಾಂಶದ ಗುಳಿಗೆ, ಕ್ವಿನಿಡಿನ್ ಇವೂ ಪಟ್ಟಿಗೆ ಸೇರಿದವು.

ಕಾರಣ ಸರಳ. ವಯಸ್ಕರ ಅನ್ನನಾಳ ಸುಮಾರು 25 ಸೆಂ.ಮೀ. ಉದ್ದ. ಮಹಾಪಧಮನಿಯ ಕಮಾನು ಅದನ್ನು ಒತ್ತುವ ಜಾಗದಲ್ಲಿ ಗುಳಿಗೆ ಸಿಲುಕುವುದು ಹೆಚ್ಚು. ಒದ್ದೆಯಾದ ಜಿಲೆಟಿನ್ ಅಂಟುತ್ತದೆ. ಡಾಕ್ಸಿಸೈಕ್ಲಿನ್ ಕರಗಿದಾಗ ಬಲವಾದ ಆಮ್ಲವಾಗುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ನುಂಗುವುದೂ ಅಪರೂಪ; ಮಲಗಿದಾಗ ಗುಳಿಗೆಯನ್ನು ಕೆಳಗಿಳಿಸಲು ಭೂಮಿಯ ಸೆಳೆತದ ನೆರವೂ ಇರುವುದಿಲ್ಲ. ರಾತ್ರಿ ಒಂದು ಗುಟುಕು ನೀರಿನಲ್ಲಿ ಗುಳಿಗೆ ನುಂಗಿ ಒರಗಿಕೊಳ್ಳುವವರಲ್ಲಿ ಈ ಗಾಯ ಹೆಚ್ಚಾಗಿ ಕಾಣುವುದು ಇದರಿಂದಲೇ.

ಈ ಸೀಮೆಗೆ ಡಾಕ್ಸಿಸೈಕ್ಲಿನ್ ಮುಖ್ಯವಾದ ಔಷಧ. ಕುರಿ, ಆಡು, ದನಗಳಿಂದ ಮನುಷ್ಯರಿಗೆ ಹರಡುವ ಬ್ರುಸೆಲ್ಲೋಸಿಸ್ ಜ್ವರ ವಿಜಯಪುರ–ಬಾಗಲಕೋಟೆ ಭಾಗದ ವೈದ್ಯರಿಗೆ ಪರಿಚಿತ ರೋಗ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಸೂಚಿಸಿದ ಚಿಕಿತ್ಸೆಯಂತೆ ರಿಫಾಂಪಿಸಿನ್ ಜೊತೆ ಡಾಕ್ಸಿಸೈಕ್ಲಿನ್ ಅನ್ನು ಆರು ವಾರ ನುಂಗಬೇಕು. ನೀರು ದೂರವಿರುವ ಅಡವಿಯಲ್ಲಿ ಕುರಿ ಕಾಯುವವರಿಗೆ ಪ್ರತಿ ಗುಳಿಗೆಗೂ ತುಂಬಿದ ಲೋಟ ನೀರು ಎಂಬ ನಿಯಮ ಸುಲಭದ್ದಲ್ಲ. ರಬಕವಿ-ಬನಹಟ್ಟಿಯ ನೇಕಾರರ ಕಥೆ ಬೇರೆ: ಮಗ್ಗದ ದುಡಿಮೆ ಸೊಂಟ, ಬೆನ್ನು, ಮೊಣಕಾಲನ್ನು ಹಿಂಡುತ್ತದೆ, ನೋವಿನ ಗುಳಿಗೆಯನ್ನು ಅರ್ಧ ಕಪ್ ಚಹಾದಲ್ಲಿ ನುಂಗಿದರೆ ಅಪಾಯ ಉಳಿದೇ ಇರುತ್ತದೆ. ಗರ್ಭಿಣಿಯರಿಗೆ 180 ದಿನ ಕೊಡುವ ಕಬ್ಬಿಣಾಂಶದ ಗುಳಿಗೆಯೂ ಅನ್ನನಾಳದಲ್ಲಿ ನಿಂತರೆ ಸುಡುವಂಥದ್ದೇ.

ಆನೆಕಾಲು ರೋಗವಿದ್ದ ಜಿಲ್ಲೆಗಳ ಪಟ್ಟಿಯಲ್ಲಿ ಬಾಗಲಕೋಟೆಯೂ ಇತ್ತು. 2004ರಿಂದ ದೇಶದ ಇಂಥ ಜಿಲ್ಲೆಗಳಲ್ಲಿ ಸಾಮೂಹಿಕವಾಗಿ ಡಿಇಸಿ ಗುಳಿಗೆ ನುಂಗಿಸುವ ಕಾರ್ಯಕ್ರಮ ನಡೆಯಿತು. ನಂತರ ಅಲ್ಬೆಂಡಜೋಲ್ ಸೇರಿತು. ಕಾರ್ಯಕರ್ತರ ಎದುರಿಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಬಾರದು, ಅಲ್ಬೆಂಡಜೋಲ್ ಅನ್ನು ಅಗಿಯಬೇಕು ಎಂಬ ಸೂಚನೆಗಳು ಮನೆಬಾಗಿಲಿಗೆ ಬಂದವು. ಗುಳಿಗೆ ನುಂಗುವ ಬಗೆಯನ್ನು ಊರೂರಿಗೆ ಹೋಗಿ ಕಲಿಸಲು ಸಾಧ್ಯ ಎಂಬುದಕ್ಕೆ ಈ ಕಾರ್ಯಕ್ರಮವೇ ಸಾಕ್ಷಿ.

ಅನ್ನನಾಳದ ಈ ಹುಣ್ಣು ಹೆಚ್ಚಿನ ಪಾಲು ಔಷಧ ನಿಲ್ಲಿಸಿದ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಮಾಯುತ್ತದೆ. ರಕ್ತಸ್ರಾವ, ನಾಳ ಕಿರಿದಾಗುವಿಕೆ ಅಪರೂಪ. ಆದರೆ ಗುಳಿಗೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಮೂಲ ರೋಗಕ್ಕೆ ಬದಲಿ ಮದ್ದು ಬೇಕಾಗುತ್ತದೆ. ಗುಳಿಗೆಯ ಪಟ್ಟಿಯ ಮೇಲಿನ ಸೂಚನೆ ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ಹೇಳುವ ಹೊಣೆ ಕೊಡುವವರದು. ಔಷಧ ಅಂಗಡಿಯವರು, ಆಶಾ ಕಾರ್ಯಕರ್ತೆಯರು, ದಾದಿಯರು ಗುಳಿಗೆ ಕೊಡುವಾಗ ಎರಡು ಮಾತು ಸೇರಿಸಿ ಹೇಳಲಿ: ಕುಳಿತು ಅಥವಾ ನಿಂತು ತುಂಬಿದ ಲೋಟ ನೀರಿನ ಜೊತೆ ನುಂಗಿರಿ, ನುಂಗಿದ ಮೇಲೆ ಕನಿಷ್ಠ ಅರ್ಧ ತಾಸು ಮಲಗಬೇಡಿರಿ.