ಮುಕ್ತ ದತ್ತಾಂಶ: ಬಡಾವಣೆಯನ್ನು ಅರಿಯುವ ಸಾಧನ

ನಗರಾಡಳಿತವು ತನ್ನಲ್ಲಿರುವ ಆಯವ್ಯಯ, ಕಾಮಗಾರಿ, ದೂರು ಮೊದಲಾದ ವಿವರಗಳನ್ನು ಯಾರು ಬೇಕಾದರೂ ಪಡೆದು ಬಳಸಬಹುದಾದ ರೂಪದಲ್ಲಿ ಪ್ರಕಟಿಸಿದರೆ ಅದನ್ನು ಮುಕ್ತ ದತ್ತಾಂಶವೆನ್ನುತ್ತಾರೆ.

ಹಿನ್ನೆಲೆ: ಬೆಂಗಳೂರಿನ ನಾಗರಿಕ ಸೇವೆಗಳಿಗೆ ಜನರೇ ಅಂಕ ನೀಡಿದ ವರದಿಯು ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ 1994ರಲ್ಲಿ ಹೊರಬಂದಿತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಯಾರೂ ಕೇಳದಿದ್ದರೂ ಆಯವ್ಯಯದ ವಿವರಗಳನ್ನು ಪ್ರಕಟಿಸುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರಗಳಿಗೆ ವಹಿಸಿತು. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ 2012ರಲ್ಲಿ ಆರಂಭವಾಯಿತು.

ಬಳಕೆ: ಚರಂಡಿ ಕಾಮಗಾರಿ ನಡೆದ ರಸ್ತೆಗಳನ್ನೂ ಮಳೆನೀರು ನಿಂತ ದೂರುಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದರೆ, ತೆರಿಗೆ ಹಣ ಅಗತ್ಯವಿದ್ದ ಕಡೆಗೇ ಹರಿಯಿತೇ ಎಂಬುದು ತಿಳಿಯುತ್ತದೆ. ದೂರು ಕಡಿಮೆಯೆಂದ ಮಾತ್ರಕ್ಕೆ ತೊಂದರೆ ಇಲ್ಲವೆಂದು ತಿಳಿಯಬಾರದು. ಕೊಳೆಗೇರಿಯ ಸಂಕಷ್ಟ ದಾಖಲಾಗದೆಯೂ ಉಳಿಯಬಹುದು.

ಎಚ್ಚರಿಕೆ: ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಕಾಲದ ಅಂಕಿಅಂಶಗಳನ್ನು, 2025ರಲ್ಲಿ ಐದು ಪಾಲಿಕೆಗಳಾದ ನಂತರದ ವಾರ್ಡುಗಳೊಂದಿಗೆ ನೇರವಾಗಿ ಹೋಲಿಸಲಾಗದು. ಗಡಿಗಳು ಬದಲಾಗಿರುವುದರಿಂದ ರಸ್ತೆಯನ್ನೇ ಆಧಾರವಾಗಿಟ್ಟುಕೊಳ್ಳುವುದು ಲೇಸು.

ಬೇಕಾದ ವಿವರ ಪ್ರಕಟವಾಗಿರದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸುವುದು ಅಧಿಕಾರಿಯ ಕರ್ತವ್ಯ. ವಾರ್ಡ್ ಸಭೆಯಲ್ಲಿ ಬರಿಯ ಅಸಮಾಧಾನಕ್ಕಿಂತ ಇಂಥ ಒಂದು ಪಟ್ಟಿಗೆ ಹೆಚ್ಚು ತೂಕವುಂಟು.